ಹೊಳೆ ನೋಡುವ ನೆಪದಲ್ಲಿ ನಿಲ್ಲುವವರು

ಕಾರ್ತಿಕ ಮಾಸ ಮುಗಿಯುತ್ತ ಬಂದಿದೆ. ಶರದೃತುವಿನ ಕೊನೆಯ ದಿನಗಳು. ತುಲಾ ಮಾಸದ ಸ್ನಾನಕ್ಕೆ ಬಂದವರ ಗದ್ದಲ ಅಡಗಿ, ಶ್ರೀರಂಗಪಟ್ಟಣದ ಕಾವೇರಿ ದಂಡೆ ಮತ್ತೆ ತನ್ನ ಪಾಡಿಗೆ ತಾನಾಗಿದೆ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗಿದೆ. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ನಡುನಡುವೆ ಬಿದಿರುಮೆಳೆ. ಬೆಳಗಿನ ಚಳಿ 17–18 ಡಿಗ್ರಿಯ ಆಸುಪಾಸು. ನಡೆದಾಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದು ಕಷ್ಟ.

ಇಂಥ ಒಂದು ಭಾನುವಾರ ಬೆಳಿಗ್ಗೆ ನೀವು ಮನೆಮಂದಿಯೊಡನೆ ಸಂಗಮದ ಕಡೆಗೆ, ಹೊಳೆಯ ಪಕ್ಕದ ಮರಗಳ ನೆರಳಿನಲ್ಲಿ ನಡೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮಕ್ಕಳು ಮುಂದೆ ಓಡಿಹೋಗಿದ್ದಾರೆ. ನಿಮ್ಮ ಜೊತೆಯಲ್ಲಿ ಅರವತ್ತು ದಾಟಿದ ತಂದೆ ಇದ್ದಾರೆ. ದಾರಿ ಸ್ವಲ್ಪ ಏರಿದ ಕಡೆ ಅವರು ನಿಲ್ಲುತ್ತಾರೆ. ‘ನೋಡು, ನೀರು ಎಷ್ಟು ಚೆನ್ನಾಗಿ ಹರೀತಿದೆ’ ಎನ್ನುತ್ತಾರೆ. ಎರಡು ನಿಮಿಷ ಕಳೆದು ಹೊರಡುತ್ತಾರೆ. ಸ್ನಾನಘಟ್ಟದ ಮೆಟ್ಟಿಲು ಹತ್ತಿದ ಮೇಲೆ ಮತ್ತೆ ನಿಲ್ಲುತ್ತಾರೆ. ಈ ಸಲ ಮಿಂಚುಳ್ಳಿ ನೋಡುವುದಕ್ಕೆ. ಮೂರನೆಯ ಸಲ ಚಪ್ಪಲಿ ಸರಿಮಾಡಿಕೊಳ್ಳುವುದಕ್ಕೆ.

ನೀವು ಏನೂ ಅಂದುಕೊಳ್ಳುವುದಿಲ್ಲ. ವಯಸ್ಸಾದವರು, ನಿಧಾನವಾಗಿ ಬರಲಿ ಎಂದು ನೀವೂ ನಿಲ್ಲುತ್ತೀರಿ. ಆದರೆ ಆ ಮೂರು ನಿಲುಗಡೆಗಳಲ್ಲಿ ಒಂದು ಕಾಯಿಲೆ ನಿಮ್ಮ ಕಣ್ಣೆದುರೇ ತನ್ನ ಹೆಸರು ಹೇಳಿಕೊಂಡಿರಬಹುದು. ಈ ವಾರ ಆ ನಿಲುಗಡೆಗಳ ಬಗ್ಗೆಯೇ ಎರಡು ಮಾತು.

ಹಳೆಯ ವೈದ್ಯರೊಬ್ಬರು ಕಂಡದ್ದು

1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ತನ್ನ ಸಹೋದ್ಯೋಗಿಗಳ ಮುಂದೆ ಒಂದು ಪ್ರಬಂಧ ಓದಿದರು. ಆಗ ಇ.ಸಿ.ಜಿ. ಇರಲಿಲ್ಲ, ಸ್ಟೆತೊಸ್ಕೋಪು ಕೂಡ ಇರಲಿಲ್ಲ. ಆತ ಮಾಡಿದ್ದು ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದ್ದು, ಅಷ್ಟೆ. ಕೆಲವರಿಗೆ ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಅಥವಾ ಊಟವಾದ ಕೂಡಲೇ ನಡೆದಾಗ, ಎದೆಯಲ್ಲಿ ಹಿಂಡಿದಂಥ ನೋವು ಬರುತ್ತದೆ. ನಿಂತ ಮರುಕ್ಷಣವೇ ಅದು ಮಾಯವಾಗುತ್ತದೆ ಎಂಬುದನ್ನು ಆತ ಗುರುತಿಸಿದರು. ಅದಕ್ಕೆ ಆತ ಕೊಟ್ಟ ಹೆಸರೇ ಆಂಜೈನಾ ಪೆಕ್ಟೋರಿಸ್. ನಮ್ಮಲ್ಲಿ ಹೃದಯಶೂಲೆ ಎನ್ನುತ್ತಾರೆ. ಎರಡೂವರೆ ಶತಮಾನ ಕಳೆದಿದೆ. ಇಂದಿಗೂ ಈ ಕಾಯಿಲೆಯ ಅತಿ ದೊಡ್ಡ ಸುಳಿವು ಅದೇ: ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ.

ಇದು ಯಾಕೆ ಹೀಗೆ ಎಂಬುದನ್ನು ಮಂಡ್ಯ ಸೀಮೆಯ ರೈತರಿಗೆ ವಿವರಿಸುವುದು ಸುಲಭ. ನಾಲೆಯ ತೂಬಿನಲ್ಲಿ ಹೂಳು, ಕಸ ಕಟ್ಟಿಕೊಂಡಿದೆ ಎನ್ನಿ. ಗದ್ದೆಗಳಿಗೆ ಹೆಚ್ಚು ನೀರು ಬೇಡದ ದಿನಗಳಲ್ಲಿ ಆ ಕಟ್ಟು ಯಾರಿಗೂ ತಿಳಿಯುವುದಿಲ್ಲ. ನಾಟಿ ಆರಂಭವಾಗಿ ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಧಮನಿಗಳಲ್ಲಿಯೂ ಹೀಗೆಯೇ. ಒಳಗೋಡೆಯಲ್ಲಿ ಕೊಬ್ಬು ಸೇರಿ ಧಮನಿ ಶೇಕಡ 70ರಷ್ಟು ಕಿರಿದಾಗಿದ್ದರೂ, ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವ ಮನುಷ್ಯನಿಗೆ ಏನೂ ಅನ್ನಿಸದೆ ಇರಬಹುದು. ಆತ ಎದ್ದು ಏರು ಹತ್ತಿದಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ. ಕಿರಿದಾದ ದಾರಿಯಲ್ಲಿ ಅಷ್ಟು ರಕ್ತ ಬರುವುದಿಲ್ಲ. ಸ್ನಾಯು ನೊಂದುಕೊಳ್ಳುತ್ತದೆ. ನಿಂತರೆ ಬೇಡಿಕೆ ಇಳಿದು, ನೋವೂ ಇಳಿಯುತ್ತದೆ.

ಇದು ಚುಚ್ಚುವ ನೋವೇ ಆಗಿರಬೇಕೆಂದಿಲ್ಲ. ಅನೇಕರು ‘ನೋವು’ ಎಂಬ ಮಾತನ್ನೇ ಆಡುವುದಿಲ್ಲ. ಎದೆಯ ನಡುವೆ ಭಾರ, ಹಿಡಿದಂತೆ, ಬಿಗಿದಂತೆ, ಉರಿದಂತೆ ಎನ್ನುತ್ತಾರೆ. ಎಡತೋಳಿಗೆ, ಎರಡೂ ತೋಳುಗಳಿಗೆ, ಗಂಟಲಿಗೆ, ಕೆಳದವಡೆಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ‘ಎದೆ ನೋಯುತ್ತದೆಯೇ?’ ಎಂದು ಕೇಳಿದರೆ ‘ಇಲ್ಲ’ ಎನ್ನುವವರು, ‘ನಡೆಯುವಾಗ ಎದೆಯಲ್ಲಿ ಏನಾದರೂ ಆಗುತ್ತದೆಯೇ?’ ಎಂದು ಕೇಳಿದರೆ ಕೈಯನ್ನು ಮುಷ್ಟಿ ಮಾಡಿ ಎದೆಯ ಮೇಲೆ ಇಟ್ಟು ತೋರಿಸುತ್ತಾರೆ. ಆ ಮುಷ್ಟಿ ನೂರು ಮಾತಿಗೆ ಸಮ.

‘ಗ್ಯಾಸ್’ ಎಂಬ ಸಮಾಧಾನ

ನಮ್ಮಲ್ಲಿ ಎದೆಯ ಯಾವುದೇ ತೊಂದರೆಗೆ ಸಿದ್ಧ ಉತ್ತರವೊಂದಿದೆ: ‘ಗ್ಯಾಸ್ ಆಗಿದೆ.’ ಒಂದು ಲೋಟ ಜೀರಿಗೆ ಕಷಾಯ, ಒಂದು ಆಮ್ಲ ತಗ್ಗಿಸುವ ಮಾತ್ರೆ. ಅಲ್ಲಿಗೆ ವಿಷಯ ಮುಗಿಯಿತು. ತೇಗು ಬಂದು ಹಗುರಾಯಿತು ಎಂದರೆ ಮನೆಯವರೆಲ್ಲರೂ ನಿರಾಳ. ನಿಜವಾಗಿ ಹಗುರಾದದ್ದು ಕುಳಿತುಕೊಂಡಿದ್ದರಿಂದ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಇಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ಈ ‘ಗ್ಯಾಸ್’ ನಡೆದಾಗ ಮಾತ್ರ ಬಂದು ನಿಂತಾಗ ಹೋಗುತ್ತದೆಯೇ? ಹೊಟ್ಟೆಯ ಗಾಳಿಗೆ ಏರುದಾರಿ ಯಾವುದು, ಕಲ್ಲುಬೆಂಚು ಯಾವುದು ಎಂದು ತಿಳಿಯದು. ಹೃದಯಕ್ಕೆ ತಿಳಿಯುತ್ತದೆ. ನಡಿಗೆಗೆ ಹೊಂದಿಕೊಂಡು ಬಂದುಹೋಗುವ ಎದೆಯ ತೊಂದರೆಯನ್ನು, ಬೇರೆ ಎಂದು ಖಚಿತವಾಗುವವರೆಗೂ ಹೃದಯದ್ದೆಂದೇ ಎಣಿಸಬೇಕು.

ಇನ್ನೊಂದು ಸಮಾಧಾನ ‘ಇ.ಸಿ.ಜಿ. ತೆಗೆಸಿದ್ದೇವೆ, ಸರಿ ಇದೆ’ ಎಂಬುದು. ಮಲಗಿದ್ದಾಗ ತೆಗೆದ ಇ.ಸಿ.ಜಿ. ಹೃದಯಶೂಲೆ ಇರುವವರಲ್ಲಿಯೂ ಪೂರ್ತಿ ಸರಿಯಾಗಿಯೇ ಇರಬಹುದು. ಗದ್ದೆಗೆ ನೀರು ಬೇಡದ ದಿನ ತೂಬು ನೋಡಿ ಬಂದಂತೆ ಅದು. ಆದ್ದರಿಂದ ವೈದ್ಯರ ಬಳಿ ಹೋದಾಗ ‘ಎದೆನೋವು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಎಷ್ಟು ದೂರ ನಡೆದರೆ ಬರುತ್ತದೆ, ನಿಂತ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ದಿನದಿಂದ ಇದೆ ಎಂಬುದನ್ನು ಹೇಳಿ. ಮುಂದೆ ಟ್ರೆಡ್‌ಮಿಲ್ ಪರೀಕ್ಷೆ, ಎಕೊ ಅಥವಾ ಬೇರೆ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ಆ ವಿವರದ ಮೇಲೆ ನಿರ್ಧರಿಸುತ್ತಾರೆ.

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬಹುದು. ಭಯಕ್ಕೆ ನಾವು ಬೇಗ ಓಗೊಡುತ್ತೇವೆ. ಆದರೆ ತಿಂಗಳುಗಳಿಂದ ದಿನವೂ ಅದೇ ಏರಿನಲ್ಲಿ ನಿಂತು ಹೊಳೆ ನೋಡುವ ಮನುಷ್ಯನಿಗೆ ಆಸ್ಪತ್ರೆಯ ದಾರಿ ನೆನಪಾಗುವುದಿಲ್ಲ.

ಕಾಲು ಹಿಡಿದು ನಿಲ್ಲಿಸಿದಾಗ

ನಿಂತವರೆಲ್ಲರಿಗೂ ತೊಂದರೆ ಎದೆಯಲ್ಲೇ ಇರುವುದಿಲ್ಲ. ಕೆಲವರು ಒಂದು ಗೊತ್ತಾದ ದೂರ, ಇನ್ನೂರು ಹೆಜ್ಜೆಯೋ ಮುನ್ನೂರು ಹೆಜ್ಜೆಯೋ, ನಡೆದ ಮೇಲೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಾರೆ. ಕೆಲವೇ ನಿಮಿಷ ನಿಂತರೆ ಸೆಳೆತ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಇದು ಕಾಲಿನ ರಕ್ತನಾಳ ಕಿರಿದಾಗಿರುವುದರ ಗುರುತು. ಪೇಟೆಯಲ್ಲಿ ಇಂಥವರು ಅಂಗಡಿಯ ಗಾಜಿನ ಮುಂದೆ ನಿಂತು ಬೇಡದ ಸೀರೆ, ಬೇಡದ ಪಾತ್ರೆ ನೋಡುತ್ತಾರೆ. ಹೊಳೆದಂಡೆಯಲ್ಲಿ ಮಿಂಚುಳ್ಳಿ ನೋಡುತ್ತಾರೆ.

ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಕಾಲಿನ ನಾಳ ಕಿರಿದಾಗಿದ್ದರೆ ಹೃದಯದ, ಮೆದುಳಿನ ನಾಳಗಳೂ ಕಿರಿದಾಗಿರುವ ಸಂಭವ ಇದ್ದೇ ಇದೆ. ಆದ್ದರಿಂದ ‘ಕಾಲುನೋವು ತಾನೇ’ ಎಂದು ಬಿಡುವಂತಿಲ್ಲ. ಪರೀಕ್ಷೆ ಕಷ್ಟದ್ದಲ್ಲ. ತೋಳಿನ ಮತ್ತು ಹರಡಿನ ರಕ್ತದೊತ್ತಡ ಅಳೆದು ಹೋಲಿಸುತ್ತಾರೆ. ಹರಡಿನದು ತೋಳಿನದಕ್ಕೆ 0.9ರಷ್ಟೂ ಇಲ್ಲದಿದ್ದರೆ ನಾಳದಲ್ಲಿ ಅಡಚಣೆ ಇದೆ ಎಂದು ಅರ್ಥ.

ನಿಂತರೆ ಸಾಲದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಕಾಲಿನ ನೋವು ತಗ್ಗುತ್ತದೆ ಎನ್ನುವವರಲ್ಲಿ ಕಾರಣ ಬೆನ್ನುಮೂಳೆಯೊಳಗೆ ನರಗಳಿಗೆ ಜಾಗ ಸಾಲದಿರುವುದು ಇರಬಹುದು. ಆದ್ದರಿಂದ ಎಲ್ಲಿ ನಿಂತರು ಎಂಬುದರ ಜೊತೆಗೆ ಹೇಗೆ ನಿಂತರು ಎಂಬುದನ್ನೂ ನೋಡಿ.

ತಾಯಿ ನಿಂತರೆ?

ಮನೆಯ ಹೆಂಗಸರ ನಿಲುಗಡೆಯನ್ನು ನಾವು ಗಂಡಸರದ್ದಕ್ಕಿಂತಲೂ ಕಡಿಮೆ ಗಮನಿಸುತ್ತೇವೆ. ‘ಸುಸ್ತು’ ಎಂದರೆ ‘ಕೆಲಸ ಹೆಚ್ಚಾಯಿತು’ ಎಂದು ಮುಗಿಸುತ್ತೇವೆ. ಹೃದಯಕ್ಕೆ ರಕ್ತ ಸಾಲದಾದಾಗ ಅನೇಕ ಹೆಂಗಸರಿಗೆ ಎದೆನೋವಿನ ಬದಲು ಏದುಸಿರು, ವಿಪರೀತ ಆಯಾಸ, ಬೆವರು, ಬೆನ್ನಿನಲ್ಲೋ ದವಡೆಯಲ್ಲೋ ನೋವು ಕಾಣಿಸಿಕೊಳ್ಳುವುದುಂಟು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಗಂಡಾಗಲಿ ಹೆಣ್ಣಾಗಲಿ, ನೋವಿನ ಸುದ್ದಿ ಒಯ್ಯುವ ನರಗಳೇ ದುರ್ಬಲವಾಗಿರುವುದರಿಂದ ನೋವೇ ಇಲ್ಲದೆ ಬರೀ ಏದುಸಿರು ಇರಬಹುದು.

ಏದುಸಿರಿಗೆ ಬೇರೆ ಕಾರಣಗಳೂ ಇವೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಸಾಮಾನ್ಯ. ಹೃದಯದ ಕವಾಟದ ತೊಂದರೆ, ಅಸ್ತಮಾ, ಥೈರಾಯ್ಡ್ ದೋಷ ಕೂಡ ಇರಬಹುದು. ಹಿಂದಿನ ವರ್ಷ ಇದೇ ದಾರಿಯನ್ನು ಮಾತನಾಡುತ್ತಲೇ ಮುಗಿಸಿದ್ದವರು ಈ ವರ್ಷ ಮಾತು ನಿಲ್ಲಿಸಿ ನಡೆಯಬೇಕಾಗಿ ಬಂದಿದೆ ಎಂದರೆ, ಕಾರಣ ಹುಡುಕಲು ಅಷ್ಟು ಸಾಕು.

ಮತ್ತಿ ಮರದ ನೆರಳಿನಲ್ಲಿ

ಈ ದಾರಿಯಲ್ಲಿ ಅನೇಕರು ಒಂದು ಮರದ ಹತ್ತಿರ ಬಂದು ಅದರ ಬೂದುಬಣ್ಣದ ನುಣುಪು ತೊಗಟೆಯನ್ನು ಚೂರಿಯಿಂದ ಕೆರೆದು ಒಯ್ಯುತ್ತಾರೆ. ಅದು ಹೊಳೆಮತ್ತಿ, ಸಂಸ್ಕೃತದಲ್ಲಿ ಅರ್ಜುನ. ಹೊಳೆಯ ಅಂಚಿನಲ್ಲಿ ಬೆಳೆಯುವುದರಿಂದಲೇ ಆ ಕನ್ನಡದ ಹೆಸರು. ಅದರ ಕಾಯಿಗೆ ಐದು ರೆಕ್ಕೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಆಯುರ್ವೇದದಲ್ಲಿ ಶತಮಾನಗಳಿಂದ ಇದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದ್ರೋಗಕ್ಕೆ ಕೊಡುವ ರೂಢಿಯಿದೆ. ಈಚಿನ ದಶಕಗಳಲ್ಲಿ ಇದರ ಮೇಲೆ ಅಧ್ಯಯನಗಳೂ ನಡೆದಿವೆ. ಆದರೆ ಅವು ಬಹುಮಟ್ಟಿಗೆ ಸಣ್ಣವು. ಹೃದಯಾಘಾತವನ್ನು ಇದು ತಡೆಯುತ್ತದೆ ಎಂದು ಹೇಳಲು ಅವು ಸಾಲವು.

ಪರಂಪರೆಯ ಬಗ್ಗೆ ಗೌರವ ಇರಲಿ. ಆದರೆ ನಡೆಯುವಾಗ ಎದೆ ಹಿಡಿಯುವ ಮನುಷ್ಯ ಕಷಾಯ ಕುಡಿಯುತ್ತ ಮೂರು ತಿಂಗಳು ಕಾದು ನೋಡುವುದು ಗೌರವವಲ್ಲ, ಅಪಾಯ. ರಕ್ತದೊತ್ತಡದ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿ ಇದನ್ನು ಕುಡಿಯುವುದಂತೂ ಕೂಡದು. ಕುಡಿಯುತ್ತಿದ್ದರೆ ನಿಮ್ಮ ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಮರದ ಕಡೆಯಿಂದಲೂ ಒಂದು ಮಾತು: ಸುತ್ತಲೂ ತೊಗಟೆ ಸುಲಿದ ಮರ ಬದುಕುವುದಿಲ್ಲ. ದಂಡೆಯ ಮಣ್ಣು ಹಿಡಿದು ನಿಲ್ಲಿಸಿರುವುದು ಅದರ ಬೇರು. ಅದು ಕೊಡುವ ನೆರಳಿನಲ್ಲಿ ದಿನವೂ ಅರ್ಧ ಗಂಟೆ ನಡೆದರೆ ಹೃದಯಕ್ಕೆ ಲಾಭವಿದೆ ಎಂಬುದರಲ್ಲಿ ಸಂಶಯವೇ ಇಲ್ಲ.

ಹಾಗಾದರೆ ನಡೆಯಬಾರದೇ?

ಇದಿಷ್ಟು ಓದಿ ‘ಇನ್ನು ಅಪ್ಪನನ್ನು ಮನೆಯಲ್ಲೇ ಕೂರಿಸಿಬಿಡೋಣ’ ಎಂದುಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಡಿಗೆ ಕಾಯಿಲೆ ತಂದದ್ದಲ್ಲ, ಇದ್ದುದನ್ನು ತೋರಿಸಿಕೊಟ್ಟದ್ದು. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಭ್ಯಾಸ ಮಾಡಿ ಪ್ರಕಟಿಸಿದ ಲೇಖನ ಇಂದಿಗೂ ಪ್ರಸಿದ್ಧ. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಹೆಬರ್ಡನ್ ಕೂಡ ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡು ಬಹುತೇಕ ಗುಣವಾದ ಒಬ್ಬ ರೋಗಿಯ ವಿಷಯ ಬರೆದಿಟ್ಟಿದ್ದಾರೆ. ಕಾಲಿನ ನಾಳದ ತೊಂದರೆಗಂತೂ ನಡಿಗೆಯೇ ಒಂದು ಚಿಕಿತ್ಸೆ. ವೈದ್ಯರ ಮೇಲ್ವಿಚಾರಣೆಯಲ್ಲಿ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದನ್ನು ಮೂರು ತಿಂಗಳು ಬಿಡದೆ ಮಾಡಿದರೆ ನಡೆಯಬಲ್ಲ ದೂರ ಹೆಚ್ಚುತ್ತದೆ. ಬೀಡಿ ಬಿಟ್ಟರೆ ಮಾತ್ರ ಇದರ ಪೂರ್ತಿ ಫಲ.

ಎದೆಯ ತೊಂದರೆ ಇರುವವರು ಮೊದಲು ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ನಡೆಯಬೇಕು. ಉಳಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸೂಚನೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ. ಮಧ್ಯಮ ಎಂದರೆ ಮಾತನಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎನ್ನುವಷ್ಟು ವೇಗ. ಈ ಕಾಲಕ್ಕೆ, ಈ ದಾರಿಗೆ ತಕ್ಕ ಕೆಲವು ಸೂಚನೆಗಳು:

* ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಹೃದಯದ ಹೊರೆ ಹೆಚ್ಚುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲೇ ಹೆಚ್ಚು. ಹೃದಯದ ತೊಂದರೆ ಇರುವವರು ನಸುಕಿನಲ್ಲಿ ಹೊರಡದೆ ಎಳೆಬಿಸಿಲು ಬಂದ ಮೇಲೆ ಹೊರಡಿ. ಕಿವಿ, ತಲೆ, ಎದೆ ಬೆಚ್ಚಗಿರಲಿ.

* ಮೊದಲ ಐದರಿಂದ ಹತ್ತು ನಿಮಿಷ ನಿಧಾನವಾಗಿ ನಡೆದು ಆಮೇಲೆ ವೇಗ ಹೆಚ್ಚಿಸಿ. ನಿಲ್ಲಿಸುವಾಗಲೂ ಹಾಗೆಯೇ. ಹೊಟ್ಟೆ ತುಂಬ ತಿಂಡಿ ತಿಂದ ಕೂಡಲೇ ಏರು ಹತ್ತಬೇಡಿ.

* ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಿ. ಕೈ ನಡುಕ, ತಣ್ಣನೆಯ ಬೆವರು, ತಲೆಸುತ್ತು ಬಂದರೆ ಕೂಡಲೇ ತಿನ್ನಿ.

* ಇವರು ಬರಿಗಾಲಲ್ಲಿ ನಡೆಯಲೇಬಾರದು. ಜಾಲಿಮುಳ್ಳು ಚುಚ್ಚಿದ್ದು ಮರಗಟ್ಟಿದ ಪಾದಕ್ಕೆ ತಿಳಿಯುವುದಿಲ್ಲ. ಮನೆಗೆ ಬಂದು ಎರಡೂ ಪಾದಗಳ ಅಡಿಯನ್ನು ನೋಡಿಕೊಳ್ಳಿ.

* ಹೊಳೆಮೆಟ್ಟಿಲಿನ ಪಾಚಿ ಈಗಲೂ ಜಾರುತ್ತದೆ. ರಂಗನತಿಟ್ಟಿನ ಆಸುಪಾಸಿನ ಕಾವೇರಿಯಲ್ಲಿ ಮೊಸಳೆಗಳಿವೆ. ಮಕ್ಕಳನ್ನು ಗೊತ್ತಿಲ್ಲದ ಕಡೆ ನೀರಿಗೆ ಇಳಿಸಬೇಡಿ.

ಇನ್ನು ಕಾಯಬಾರದ ಹೊತ್ತು

ಒಂದೇ ದೂರದಲ್ಲಿ ಬಂದು, ನಿಂತರೆ ಹೋಗುವ ನೋವನ್ನು ಈ ವಾರದೊಳಗೆ ವೈದ್ಯರಿಗೆ ತೋರಿಸಿ. ಆದರೆ ನೋವು ಮೊದಲ ಸಲ ತೀವ್ರವಾಗಿ ಬಂದರೆ, ಮೊದಲಿಗಿಂತ ಕಡಿಮೆ ದೂರಕ್ಕೇ ಬರತೊಡಗಿದರೆ ಅಥವಾ ಸುಮ್ಮನೆ ಕುಳಿತಾಗಲೂ, ನಿದ್ದೆಯಲ್ಲೂ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಿಂತು ಐದು ನಿಮಿಷವಾದರೂ ಇಳಿಯದಿದ್ದರೆ, ಜೊತೆಗೆ ಬೆವರು, ವಾಂತಿ, ಏದುಸಿರು ಇದ್ದರೆ, ಅದನ್ನು ಹೃದಯಾಘಾತವೆಂದೇ ತಿಳಿಯಿರಿ. ಅಲ್ಲೇ ಕೂರಿಸಿ, 108ಕ್ಕೆ ಕರೆ ಮಾಡಿ. ನಡೆಸಬೇಡಿ, ಬೈಕಿನ ಹಿಂದೆ ಕೂರಿಸಿ ಒಯ್ಯಬೇಡಿ. ನಾಲಿಗೆಯಡಿ ಇಡುವ ಮಾತ್ರೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಕೂರಿಸಿಯೇ ಕೊಡಿ. ನಿಂತು ತೆಗೆದುಕೊಂಡರೆ ರಕ್ತದೊತ್ತಡ ಇಳಿದು ಬೀಳಬಹುದು. ಪಕ್ಕದ ಮನೆಯವರ ಮಾತ್ರೆ ಬೇಡ.

ಮುಚ್ಚಿದ ನಾಳವನ್ನು ತೆರೆಯುವ ಚುಚ್ಚುಮದ್ದು, ಆಂಜಿಯೊಪ್ಲಾಸ್ಟಿ ಎರಡೂ ಮೊದಲ ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ. ನಮ್ಮ ರಾಜ್ಯದಲ್ಲಿ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾದಾಗಿನಿಂದ ಹಲವು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಇದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ.

ಕೇಳುವ ರೀತಿ

ಈಗ ಮತ್ತೆ ಆ ಭಾನುವಾರದ ದಾರಿಗೆ ಬನ್ನಿ. ನಿಮ್ಮ ತಂದೆ ನಿಂತಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ತನಗೇನೋ ಆಗಿದೆ ಎಂದು ಮಕ್ಕಳಿಗೆ ಗಾಬರಿ ಹುಟ್ಟಿಸುವುದು, ಮೊಮ್ಮಕ್ಕಳ ಸಂತೋಷ ಕೆಡಿಸುವುದು, ಆಸ್ಪತ್ರೆಯ ಖರ್ಚಿಗೆ ಕಾರಣವಾಗುವುದು, ಇವು ಯಾವುವೂ ಆ ತಲೆಮಾರಿನವರಿಗೆ ಬೇಕಿಲ್ಲ. ಜೊತೆಗೆ ಅವರಿಗೂ ಒಳಗೊಳಗೇ ಭಯವಿದೆ. ಹೊಳೆ ನೋಡುವುದು ಆ ಭಯಕ್ಕೆ ಹೊದಿಸಿದ ಶಾಲು.

ಎಲ್ಲರೆದುರು ‘ಏನಾಯ್ತು? ಎದೆನೋವಾ?’ ಎಂದು ಕೇಳಬೇಡಿ. ‘ಏನಿಲ್ಲ’ ಎಂಬ ಉತ್ತರ ಖಂಡಿತ. ಮಕ್ಕಳನ್ನು ಮುಂದೆ ಕಳುಹಿಸಿ. ನೀವೂ ಪಕ್ಕದಲ್ಲಿ ನಿಂತು ಎರಡು ನಿಮಿಷ ನೀರು ನೋಡಿ. ಆಮೇಲೆ ಮೆಲ್ಲಗೆ ಕೇಳಿ: ‘ಅಪ್ಪ, ಹೋದ ವರ್ಷ ಇಲ್ಲಿ ನಿಲ್ಲುತ್ತಿರಲಿಲ್ಲ, ಅಲ್ಲವೇ?’ ಆ ಮಾತಿಗೆ ಅವರು ಕೂಡಲೇ ಉತ್ತರ ಕೊಡದಿದ್ದರೆ, ಅದೇ ಉತ್ತರ. ಅಲ್ಲಿಂದಲೇ ನಿಧಾನವಾಗಿ ಹಿಂದಕ್ಕೆ ತಿರುಗಿ. ಸೋಮವಾರ ಬೆಳಿಗ್ಗೆ ವೈದ್ಯರ ಬಳಿಗೆ ಅವರ ಜೊತೆ ನೀವೂ ಹೋಗಿ. ಹೊಳೆ ಎಲ್ಲಿಗೂ ಹೋಗುವುದಿಲ್ಲ. ಚಿಕಿತ್ಸೆಯಾದ ಮೇಲೆ ಇದೇ ದಾರಿಯಲ್ಲಿ, ಇದೇ ಮತ್ತಿ ಮರದ ಕೆಳಗೆ, ನಿಜವಾಗಿಯೂ ನೀರನ್ನೇ ನೋಡುವುದಕ್ಕಾಗಿ ಅವರು ನಿಲ್ಲಬಹುದು.